ಸಮಾಧಿ ಕಲ್ಲಲ್ಲಿ "ಕರ್ಕ್‌ಮೈಕಲ್, ಎನ್.ಬಿ." ಅಂತಿದೆ, ಸ್ಕಾಟ್ಲೆಂಡಿನಲ್ಲಿ ಇದು ಯಾವ ಊರು?

ಕಡತಪ್ರಿಯ:

ಬೆಂಗಳೂರಿನ ಒಂದು ಆಂಗ್ಲೋ-ಇಂಡಿಯನ್ ಮನೆತನದ ಮೂಲ ಹುಡುಕುವ ಕೆಲಸ. ಇರುವ ಆಧಾರ ಎರಡೇ.

ಒಂದು, ಸಮಾಧಿ ಕಲ್ಲಿನ ಬರಹದ ಹಳೆಯ ಕೈನಕಲು. ಉಪನಾಮ ರಾಬರ್ಟ್‌ಸನ್, 73ನೇ ರೆಜಿಮೆಂಟಿನ ಸಾರ್ಜೆಂಟ್, 1802ರಲ್ಲಿ ತೀರಿಕೊಂಡಾಗ ವಯಸ್ಸು 34, ಊರು "ಕರ್ಕ್‌ಮೈಕಲ್, ಎನ್.ಬಿ."

ಎರಡು, ಮನೆಯ ಬೈಬಲ್ಲಿನ ಮೊದಲ ಹಾಳೆಯಲ್ಲಿ, ಬೇರೆಯದೇ ಕೈಬರಹದಲ್ಲಿ ಒಂಟಿ ಪದ: "ಪೆಟ್‌ಕಾರ್ಮೆಕ್".

ಗೂಗಲ್ ಮ್ಯಾಪಿನಲ್ಲಿ ಕರ್ಕ್‌ಮೈಕಲ್ ಒಂದಕ್ಕಿಂತ ಹೆಚ್ಚು ಕಡೆ ತೋರಿಸುತ್ತದೆ. ಪೆಟ್‌ಕಾರ್ಮೆಕ್ ಎಲ್ಲೂ ಇಲ್ಲ. ಎಲ್ಲಿಂದ ಶುರು ಮಾಡುವುದು?

ಹಳೆನಕ್ಷೆ:

ಎನ್.ಬಿ. ಅಂದರೆ ನಾರ್ತ್ ಬ್ರಿಟನ್, ಅಂದರೆ ಸ್ಕಾಟ್ಲೆಂಡ್, ಅಷ್ಟೇ. ಅದು ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ಹೆಸರಲ್ಲ. ನಾರ್ತ್ ಬರ್ವಿಕ್ ಎಂದು ಓದಿಕೊಂಡು ಪೂರ್ವ ಕರಾವಳಿಯಲ್ಲಿ ಹುಡುಕಲು ಹೊರಡಬೇಡಿ.

ಕರ್ಕ್‌ಮೈಕಲ್ ಎಂದರೆ ಸಂತ ಮೈಕಲ್‌ನ ಚರ್ಚು, ಹಾಗಾಗಿ ಆ ಹೆಸರು ಹಲವು ಕಡೆ ಇರುವುದರಲ್ಲಿ ಆಶ್ಚರ್ಯವಿಲ್ಲ. ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಸೀಮೆ) ಮಟ್ಟದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದವು ಐದು. ಪರ್ತ್‌ಶೈರಿನದು ಸ್ಟ್ರಾಥಾರ್ಡಲ್ ಕಣಿವೆಯಲ್ಲಿದೆ. ಬ್ಯಾಂಫ್‌ಶೈರಿನದರಲ್ಲಿ ಟೊಮಿಂಟೌಲ್ ಹಳ್ಳಿ ಬರುತ್ತದೆ. ಏರ್‌ಶೈರಿನಲ್ಲೊಂದು, ಡಂಫ್ರೀಸ್‌ಶೈರಿನಲ್ಲೊಂದು. ಐದನೆಯದು ಉತ್ತರದ ಬ್ಲ್ಯಾಕ್ ಐಲ್‌ನಲ್ಲಿತ್ತು. 17ನೇ ಶತಮಾನದಲ್ಲೇ ಪಕ್ಕದ ಕಲ್ಲಿಕಡನ್ ಜೊತೆ ಸೇರಿ ರೆಸೋಲಿಸ್ ಆಯಿತು. ಪ್ಯಾರಿಷ್ ಪಟ್ಟಿಯಲ್ಲಿ ಕರ್ಕ್‌ಮೈಕಲ್ ಅಂತ ಹುಡುಕಿದರೆ ಈ ಐದನೆಯದು ಕಾಣುವುದಿಲ್ಲ, ಎಲ್ಲರೂ ಬಿಟ್ಟುಬಿಡುವುದು ಇದನ್ನೇ.

ಮೊದಲು ಪೆಟ್‌ಕಾರ್ಮೆಕ್ ಬಿಡಿಸಿಕೊಳ್ಳಿ. ಪ್ಯಾರಿಷ್ ಹೆಸರು ಐದು ಕಡೆ ಇರಬಹುದು, ಜಮೀನಿನ ಹೆಸರು ಸಾಮಾನ್ಯವಾಗಿ ಅಷ್ಟು ಕಡೆ ಇರುವುದಿಲ್ಲ.

ಸ್ಥಳನಾಮ ಶಾಸ್ತ್ರಿ:

ಆ "ಪೆಟ್" ನೋಡಿದ ಕೂಡಲೇ ಐದರಲ್ಲಿ ಎರಡನ್ನು ಕೈಬಿಡಬಹುದು.

ಹಳೆಯ ಬರಹದಲ್ಲಿ ಪೆಟ್, ಪೆಟ್ಟ್, ಪಿಟ್ ಎಲ್ಲ ಒಂದೇ. ಸ್ಕಾಟ್ಲೆಂಡಿನ ಪ್ರಾಚೀನ ಪಿಕ್ಟ್ ಜನರ ಕಾಲದಿಂದ ಉಳಿದ ಪದ, ಜಮೀನಿನ ಒಂದು ಪಾಲು ಎಂಬ ಅರ್ಥ. ಈ ಹೆಸರುಗಳು ಫೋರ್ತ್ ಖಾರಿಯಿಂದ ಉತ್ತರಕ್ಕೆ, ದೇಶದ ಪೂರ್ವ ಭಾಗದಲ್ಲಿ ದಟ್ಟವಾಗಿವೆ: ಫೈಫ್, ಪರ್ತ್‌ಶೈರ್, ಆಂಗಸ್, ಅಬರ್ಡೀನ್‌ಶೈರ್, ಅಲ್ಲಿಂದ ರಾಸ್‌ವರೆಗೆ. ಏರ್‌ಶೈರ್, ಡಂಫ್ರೀಸ್‌ಶೈರ್ ನೈಋತ್ಯ ಮತ್ತು ದಕ್ಷಿಣದ ಕಡೆಯವು, ಅಲ್ಲಿ ಇಂಥ ಹೆಸರು ನಿರೀಕ್ಷಿಸಬಾರದು. ಉಳಿದದ್ದು ಪರ್ತ್, ಬ್ಯಾಂಫ್, ಬ್ಲ್ಯಾಕ್ ಐಲ್.

ಇನ್ನೊಂದು ಮಾತು. ಗೇಲಿಕ್ ಮಾತಿನಲ್ಲಿ ಪಿಟ್ ಎಂಬುದಕ್ಕೆ ನಾಲ್ಕು ಜನರ ಮುಂದೆ ಹೇಳಲಾಗದ ಅರ್ಥ ಅಂಟಿಕೊಂಡಿತು. ಹಾಗಾಗಿ ಜನ ಅದರ ಬದಲು ಹಳ್ಳಿ ಎಂಬರ್ಥದ "ಬಾಲೆ" ಹಾಕಿ ಹೇಳುತ್ತಿದ್ದರು. ಪರ್ತ್‌ಶೈರಿನ ಪಿಟ್‌ಲಾಕ್ರಿ ಪಟ್ಟಣಕ್ಕೆ ಗೇಲಿಕ್‌ನಲ್ಲಿ ಇವತ್ತಿಗೂ ಬಾಲೆ ಎಂದೇ ಶುರುವಾಗುವ ಹೆಸರಿದೆ. ಆದ್ದರಿಂದ ಪಿಟ್ ರೂಪದಲ್ಲಿ ಸಿಗದಿದ್ದರೆ ಬಾಲ್ ರೂಪದಲ್ಲೂ ಹುಡುಕಬೇಕು.

ಮಲೆನಾಡಿಗ:

ಸರ್, ಇಂಗ್ಲಿಷಿನಲ್ಲಿ ಹಾಗೇ ಟೈಪ್ ಮಾಡಿ ಹುಡುಕಿದರೆ ಬರುವುದಿಲ್ಲವೇ? ಕನ್ನಡದಲ್ಲಿ ಹುಡುಕಿದರೆ ಬರೀ ಕಾರ್ಮಿಕ ಇಲಾಖೆ ಬರುತ್ತಿದೆ 😀

ಹಳೆನಕ್ಷೆ:

ಸರ್ಚ್ ಎಂಜಿನ್ ಬಿಡಿ. ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ನಕ್ಷೆ ಜಾಲತಾಣಕ್ಕೆ ಹೋಗಿ, ಉಚಿತ. ಅದರೊಳಗೆ ಜಿಬಿ1900 ಎಂಬ ಸ್ಥಳನಾಮ ಸೂಚಿ ಇದೆ. 1888ರಿಂದ 1914ರ ನಡುವಿನ ಆರಿಂಚಿನ (ಮೈಲಿಗೆ ಆರು ಇಂಚು) ಆರ್ಡ್‌ನೆನ್ಸ್ ಸರ್ವೆ (ಬ್ರಿಟನ್ ಸರ್ಕಾರದ ನಕ್ಷೆ ಇಲಾಖೆ) ನಕ್ಷೆಗಳಲ್ಲಿ ಅಚ್ಚಾದ ಹೆಸರುಗಳನ್ನೆಲ್ಲ ಸ್ವಯಂಸೇವಕರು ಟೈಪ್ ಮಾಡಿದ್ದಾರೆ, 25 ಲಕ್ಷಕ್ಕೂ ಮೇಲೆ. ಒಂಟಿ ಮನೆ, ಬಾವಿ, ಸುಣ್ಣದ ಗೂಡು ಕೂಡ ಸಿಗುತ್ತದೆ.

ಅಲ್ಲಿ "ಪಿಟ್‌ಕಾರ್ಮಿಕ್" ಹಾಕಿ ನೋಡಿ. ಪರ್ತ್‌ಶೈರ್, ಸ್ಟ್ರಾಥಾರ್ಡಲ್ ಕಣಿವೆಯೊಳಗೇ ಇದೆ, ಕರ್ಕ್‌ಮೈಕಲ್ ಹಳ್ಳಿಯಿಂದ ನದಿಯ ಕೆಳಮುಖವಾಗಿ. ಪುರಾತತ್ವದವರಿಗೆ ಈ ಹೆಸರು ಚೆನ್ನಾಗಿ ಗೊತ್ತು. ಅಲ್ಲಿನ ಗುಡ್ಡದ ಮೇಲೆ ಸಿಕ್ಕ ದುಂಡು ಮೂಲೆಯ ಉದ್ದನೆ ಮನೆಗಳ ಮಾದರಿಗೇ ಪಿಟ್‌ಕಾರ್ಮಿಕ್ ಮಾದರಿ ಎನ್ನುತ್ತಾರೆ. ಹೆಸರೂ ಪ್ಯಾರಿಷೂ ಒಂದೇ ಕಡೆ ಕೂಡಿಬಂದವು.

ಸ್ಥಳನಾಮ ಶಾಸ್ತ್ರಿ:

ಕೂಡಿಬಂದಿದೆ ನಿಜ, ಆದರೆ ಎರಡೂ ಬರಹ ಒಬ್ಬನದೇ ಬಗ್ಗೆ ಎಂದು ಇನ್ನೂ ಸಾಬೀತಾಗಿಲ್ಲ. ಬೈಬಲ್ಲಿನ ಕೈಬರಹ ಬೇರೆ ಅಂದಿದ್ದೀರಿ. ಹೆಂಡತಿಯ ಕಡೆಯ ಊರೂ ಆಗಿರಬಹುದು, ಬೈಬಲ್ ಹರಾಜಿನಲ್ಲಿ ಕೊಂಡದ್ದೂ ಇರಬಹುದು. ದಂಡಿನಲ್ಲಿ ಸತ್ತವನ ಸಾಮಾನನ್ನು ಅಲ್ಲೇ ಹರಾಜು ಹಾಕುವ ಪದ್ಧತಿ ಇತ್ತು.

ದಂಡುಪ್ರದೇಶ:

ಸೈನ್ಯದ ಕಡೆಯಿಂದ ಬರುತ್ತೇನೆ.

73ನೇ ರೆಜಿಮೆಂಟ್ ಮೊದಲು 42ನೇ ಹೈಲ್ಯಾಂಡ್ (ಸ್ಕಾಟ್ಲೆಂಡಿನ ಉತ್ತರದ ಗುಡ್ಡಸೀಮೆ) ರೆಜಿಮೆಂಟಿನ ಎರಡನೇ ಬೆಟಾಲಿಯನ್ ಆಗಿತ್ತು, 1786ರಲ್ಲಿ ಪ್ರತ್ಯೇಕ ಸಂಖ್ಯೆ ಬಂತು. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿತ್ತು. 42ಕ್ಕೆ ಪರ್ತ್‌ಶೈರ್ ನಂಟು ಗಟ್ಟಿ, ಹಾಗಾಗಿ ಪರ್ತ್‌ಶೈರಿನ ಕರ್ಕ್‌ಮೈಕಲ್‌ಗೆ ಇದು ಬೆಂಬಲ. ಆದರೆ ಇದನ್ನೇ ಪುರಾವೆ ಎಂದುಕೊಳ್ಳಬಾರದು. ಹೈಲ್ಯಾಂಡ್ ರೆಜಿಮೆಂಟ್‌ಗಳು ಸಂತೆ, ಜಾತ್ರೆಗಳಲ್ಲಿ ಸಿಕ್ಕವರನ್ನೆಲ್ಲ ಸೇರಿಸಿಕೊಳ್ಳುತ್ತಿದ್ದವು. ಲಂಡನ್, ಐರ್ಲೆಂಡ್ ಕಡೆಯವರೂ ಇರುತ್ತಿದ್ದರು. ಜೊತೆಗೆ ಒಂದು ರೆಜಿಮೆಂಟ್ ಇಂಡಿಯಾ ಬಿಟ್ಟು ಹೊರಟಾಗ ಇಲ್ಲೇ ಉಳಿಯಲು ಒಪ್ಪಿದವರು ಬೇರೆ ರೆಜಿಮೆಂಟಿಗೆ ಸೇರುತ್ತಿದ್ದರು. ಆದ್ದರಿಂದ ಕೊನೆಯ ರೆಜಿಮೆಂಟ್ ಬೇರೆ, ಊರಲ್ಲಿ ಸೇರಿದ ರೆಜಿಮೆಂಟ್ ಬೇರೆ ಆಗಿರುವುದುಂಟು.

ಕಾಗದ ಎಲ್ಲೆಲ್ಲಿ ನೋಡಬೇಕು:

ಬ್ರಿಟಿಷ್ ಲೈಬ್ರರಿಯ ಎನ್/2 ಸರಣಿಯಲ್ಲಿ ಮದ್ರಾಸ್ ಪ್ರೆಸಿಡೆನ್ಸಿಯ ಚರ್ಚ್ ದಾಖಲೆಗಳಿವೆ. ಮೈಸೂರು, ಬೆಂಗಳೂರಿನ ದಂಡಿನವರೂ ಇದರಲ್ಲೇ ಬರುತ್ತಾರೆ. ಎನ್/1 ಬಂಗಾಳ, ಎನ್/3 ಬಾಂಬೆ, ಅಲ್ಲಿ ಹುಡುಕಿ ಸಮಯ ಕಳೆಯಬೇಡಿ. ಶವಸಂಸ್ಕಾರದ ನಮೂದಿನಲ್ಲಿ ಹೆಸರು, ಹುದ್ದೆ, ರೆಜಿಮೆಂಟ್ ಸಿಕ್ಕರೆ ಹೆಚ್ಚು. ಹುಟ್ಟಿದೂರು ಅದರಲ್ಲಿ ಇರುತ್ತದೆಂದು ಕಾಯಬೇಡಿ.

ಹುಟ್ಟಿದೂರು ಬೇಕೆಂದರೆ ಲಂಡನ್ನಿನ ಕ್ಯೂ ಬಡಾವಣೆಯ ನ್ಯಾಷನಲ್ ಆರ್ಕೈವ್ಸ್. ಎಲ್ಲರೂ ಮೊದಲು ಹೇಳುವುದು ಡಬ್ಲ್ಯೂಓ 97, ಪಿಂಚಣಿ ಪಡೆದು ಬಿಡುಗಡೆಯಾದವರ ಕಾಗದ. ನಿಮ್ಮವನು ಸೇವೆಯಲ್ಲೇ ಸತ್ತದ್ದರಿಂದ ಅದರಲ್ಲಿ ಸಿಗುವುದಿಲ್ಲ. ನೋಡಬೇಕಾದದ್ದು ಡಬ್ಲ್ಯೂಓ 12, ಅಂದರೆ ರೆಜಿಮೆಂಟಿನ ಹಾಜರಿ ಮತ್ತು ಸಂಬಳದ ಪಟ್ಟಿ. ಆಯಾ ಅವಧಿಯಲ್ಲಿ ಸತ್ತವರು, ಬಿಡುಗಡೆಯಾದವರು, ಓಡಿಹೋದವರ ಪಟ್ಟಿ ಕೊನೆಯಲ್ಲಿ ಉಳಿದಿದ್ದರೆ ಹುಟ್ಟಿದೂರು, ಕಸುಬು ಬರೆದಿರುವುದುಂಟು. 1802ರ ಕಟ್ಟು ತೆರೆಸಿ ಕೊನೆಯ ಹಾಳೆಗಳಿಂದ ಶುರುಮಾಡಿ.

ಈಸ್ಟ್ ಇಂಡಿಯಾ ಕಂಪನಿ ಸೈನ್ಯದವನಾಗಿದ್ದರೆ ದಾರಿಯೇ ಬೇರೆ: ಬ್ರಿಟಿಷ್ ಲೈಬ್ರರಿಯ ಎಲ್/ಮಿಲ್/11 ಮದ್ರಾಸ್ ಸೈನ್ಯದ ಹಾಜರಿ ಪಟ್ಟಿ, ಎಲ್/ಮಿಲ್/9 ಕೆಡೆಟ್‌ಗಳ ಮತ್ತು ಹಡಗು ಹತ್ತಿದವರ ಕಾಗದ. 73 ರಾಜನ ಸೈನ್ಯ, ಕಂಪನಿಯದಲ್ಲ. ಈ ವ್ಯತ್ಯಾಸ ತಿಳಿಯದೆ ತಪ್ಪು ಕಟ್ಟಡದಲ್ಲಿ ಕೂತು ಹುಡುಕುವವರೇ ಹೆಚ್ಚು.

ಹೆದರ್‌ಹೂವು:

ಡಬ್ಲ್ಯೂಓ 97 ಬಳಸುವ ಬೇರೆಯವರಿಗೆ ಒಂದು ಎಚ್ಚರಿಕೆ. ಆ ಅಚ್ಚಾದ ನಮೂನೆಯಲ್ಲಿ "ಇಂಥ ಪ್ಯಾರಿಷ್, ಇಂಥ ಪಟ್ಟಣದಲ್ಲಿ ಅಥವಾ ಅದರ ಹತ್ತಿರ, ಇಂಥ ಕೌಂಟಿಯಲ್ಲಿ ಹುಟ್ಟಿದವನು" ಎಂದಿರುತ್ತದೆ. ಆ ಪಟ್ಟಣ ಬರೀ ಹತ್ತಿರದ ಪೇಟೆ. ಹತ್ತು ಹದಿನೈದು ಮೈಲಿ ದೂರದ್ದೂ, ಪಕ್ಕದ ಕೌಂಟಿಯದೂ ಆಗಿರಬಹುದು. ನಂಬಬೇಕಾದದ್ದು ಪ್ಯಾರಿಷ್ ಹೆಸರನ್ನು, ಅದನ್ನೂ ಗುಮಾಸ್ತನ ಕಿವಿಗೆ ಕೇಳಿದ ಹಾಗೆ ಬರೆದದ್ದೆಂದು ನೆನಪಿಟ್ಟು.

ಕೆಲವು ಊರುಗಳ ಬರಹಕ್ಕೂ ಉಚ್ಚಾರಕ್ಕೂ ಸಂಬಂಧವೇ ಇಲ್ಲ. ಮಿಲ್ನ್‌ಗೇವಿ ಎಂದು ಬರೆಯುವುದು ಬಾಯಲ್ಲಿ ಮಲ್‌ಗೈ. ಕಿಲ್‌ಕಾಂಕ್ವಾರ್ ಆಗುವುದು ಕಿನ್ಯೂಕರ್. ಅವೋಕ್ ಬರೀ ಓಕ್. ಕರ್ಕ್‌ಕಡ್‌ಬ್ರೈಟ್ ಕರ್ಕೂಬ್ರಿ. ಗಾರಿಯೋಕ್ ಗೀರಿ. ಬರೆಯುವವನು ಬೇರೆ ಸೀಮೆಯವನಾದರೆ ಕೇಳಿದ್ದನ್ನೇ ಬರೆದಿರುತ್ತಾನೆ, ಅದು ಯಾವ ನಕ್ಷೆಯಲ್ಲೂ ಸಿಗುವುದಿಲ್ಲ. ಮಡಿಕೇರಿಯನ್ನು ಮರ್ಕೆರಾ, ಶ್ರೀರಂಗಪಟ್ಟಣವನ್ನು ಸೆರಿಂಗಪಟಂ ಮಾಡಿದ ಕಿವಿಗಳೇ ಇವು, ಸ್ವಂತ ದೇಶದ ಹೆಸರನ್ನೂ ಬಿಡಲಿಲ್ಲ.

ಹಳೆಯ ಸ್ಕಾಟ್ಸ್ ಬರಹದಲ್ಲಿ ಇನ್ನೆರಡು ಬಲೆ. "ಯ" ದನಿಯ ಒಂದು ಹಳೆಯ ಅಕ್ಷರ ಅಚ್ಚಿಗೆ ಬಂದಾಗ ಇಂಗ್ಲಿಷಿನ ಝಡ್ ಆಯಿತು. ಕಲ್ಝೀನ್ ಎಂದು ಕಾಣುವ ಕೋಟೆ ಕಲೇನ್, ಮೆನ್ಝೀಸ್ ಎಂಬ ಉಪನಾಮ ಮಿಂಗಿಸ್. ಇನ್ನೊಂದು, "ವ್ಹ" ದನಿಗೆ ಕ್ಯೂ-ಯು-ಎಚ್ ಬರೆಯುತ್ತಿದ್ದರು. ಕ್ಯೂನಿಂದ ಶುರುವಾಗುವ ವಿಚಿತ್ರ ಹೆಸರು ಕಂಡರೆ ಡಬ್ಲ್ಯೂ-ಎಚ್ ಹಾಕಿ ಮತ್ತೊಮ್ಮೆ ಹುಡುಕಿ.

ಕಡತಪ್ರಿಯ:

ಎಲ್ಲರಿಗೂ ಧನ್ಯವಾದ. ಜಿಬಿ1900ರಲ್ಲಿ ಪಿಟ್‌ಕಾರ್ಮಿಕ್ ಬಂತು. ಅದರ ಜೊತೆ "ಈಸ್ಟರ್", "ವೆಸ್ಟರ್" ಅಂತಲೂ ಇದೆ. ಇವು ಬೇರೆ ಬೇರೆ ಊರೇ?

ಹಳೆನಕ್ಷೆ:

ಒಂದೇ ಮೂಲ ಜಮೀನು ಹಂಚಿಹೋದದ್ದು. ಈಸ್ಟರ್ ಮೂಡಲ ಪಾಲು, ವೆಸ್ಟರ್ ಪಡುವಲ ಪಾಲು. ಓವರ್, ನೆದರ್ ಎಂದರೆ ಮೇಲಿನದು, ಕೆಳಗಿನದು. ಮೀಕಲ್, ಲಿಟಲ್ ನಮ್ಮ ದೊಡ್ಡ, ಚಿಕ್ಕ. ಮೇನ್ಸ್ ಆಫ್ ಇಂಥದು ಎಂದರೆ ಒಡೆಯನ ಸ್ವಂತ ಸಾಗುವಳಿಯ ಮುಖ್ಯ ಜಮೀನು. ಮಿಲ್ ಆಫ್ ಎಂದರೆ ಆ ಎಸ್ಟೇಟಿನ ಹಿಟ್ಟಿನ ಗಿರಣಿ ಇರುವ ಜಾಗ. ಕರ್ಕ್‌ಟನ್ ಎಂದರೆ ಚರ್ಚಿನ ಸುತ್ತಲ ಕೇರಿ, ಪ್ಯಾರಿಷಿಗೊಂದರಂತೆ ಇರುತ್ತದೆ. ಬರೀ ಕರ್ಕ್‌ಟನ್ ಅಂತ ಸಿಕ್ಕರೆ ಏನೂ ಸಿಕ್ಕ ಹಾಗಲ್ಲ.

1768ರಲ್ಲಿ ಹುಟ್ಟಿದವನಿಗೆ 1900ರ ನಕ್ಷೆ ತೀರಾ ಈಚಿನದು. ಹಿಂದಕ್ಕೆ ಹೀಗೆ ಹೋಗಿ.

ಮೊದಲು ಆರ್ಡ್‌ನೆನ್ಸ್ ಸರ್ವೆಯ ಮೊದಲ ಆವೃತ್ತಿ, 1843ರಿಂದ 1882. ಆರಿಂಚಿನ ನಕ್ಷೆ 1:10,560, ಇಪ್ಪತ್ತೈದು ಇಂಚಿನದು 1:2,500. ಇಪ್ಪತ್ತೈದು ಇಂಚಿನದು ಚೆಂದವೇ, ಆದರೆ ಸಾಗುವಳಿ ಇಲ್ಲದ ಗುಡ್ಡ, ಬೆಂಗಾಡಿಗೆ ಅದನ್ನು ಮಾಡಲಿಲ್ಲ. ಹೈಲ್ಯಾಂಡ್ಸ್‌ನಲ್ಲಿ ಹಾಳುಬಿದ್ದ ಕೇರಿಗಳು ಇರುವುದೇ ಅಲ್ಲಿ, ಆದ್ದರಿಂದ ಆರಿಂಚಿನದನ್ನೇ ನೋಡಿ. ಸೂರು ಇರುವ ಕಟ್ಟಡದ ಒಳಗೆ ತುಂಬಿಸಿರುತ್ತಾರೆ, ಸೂರಿಲ್ಲದ್ದು ಖಾಲಿ ಚೌಕ. ಐದಾರು ಖಾಲಿ ಚೌಕ ಒಟ್ಟಿಗೆ ಕಂಡು ಹೆಸರಿಲ್ಲದಿದ್ದರೆ ಅದು ಹಳೆಯ ಕೇರಿ.

ಆಮೇಲೆ ಜೇಮ್ಸ್ ಸ್ಟೋಬಿಯ ಪರ್ತ್ ಮತ್ತು ಕ್ಲ್ಯಾಕ್‌ಮ್ಯಾನನ್ ಕೌಂಟಿ ನಕ್ಷೆ, 1783, ಮೈಲಿಗೆ ಒಂದು ಇಂಚು. ನಿಮ್ಮವನ ಬಾಲ್ಯಕ್ಕೆ ಅತಿ ಹತ್ತಿರದ್ದು ಇದೇ. ನಂತರ ರಾಯ್ ಮಿಲಿಟರಿ ಸರ್ವೆ, 1747ರಿಂದ 1755. ಕಟ್ಟಡಗಳು ಕೆಂಪು ಚುಕ್ಕಿ, ಉಳುಮೆ ಭೂಮಿ ಗೆರೆ ಗೆರೆ. ಆದರೆ ರಾಯ್ ಸರ್ವೆಯವರು ಸರಪಳಿ ಎಳೆದು ಅಳೆದದ್ದು ರಸ್ತೆ, ನದಿಗಳ ಉದ್ದಕ್ಕೆ ಮಾತ್ರ, ಮಿಕ್ಕದ್ದು ಕಣ್ಣಂದಾಜು. ಇವತ್ತಿನ ಉಪಗ್ರಹ ಚಿತ್ರದ ಮೇಲೆ ಕೂರಿಸಿದಾಗ ಚುಕ್ಕಿ ಪಕ್ಕಕ್ಕೆ ಜಾರಿರುತ್ತದೆ. ಅಲ್ಲಿ ದೂರ ಅಳೆಯಬೇಡಿ. ಹಳ್ಳ ಹೊಳೆಗೆ ಸೇರುವ ಜಾಗದಿಂದ ಎಷ್ಟನೇ ಕೇರಿ, ಯಾವ ದಂಡೆ ಎಂದು ಎಣಿಸಿ. ಇಲ್ಲಿ ಆರ್ಡಲ್ ಮತ್ತು ಬ್ಲ್ಯಾಕ್ ವಾಟರ್ ಹೊಳೆಗಳು ಬ್ರಿಜ್ ಆಫ್ ಕ್ಯಾಲಿ ಎಂಬ ಊರಿನ ಹತ್ತಿರ ಕೂಡಿ ಎರಿಕ್ಟ್ ನದಿ ಆಗುತ್ತವೆ. ಆ ಸಂಗಮದಿಂದ ಆರ್ಡಲ್ ಹಿಡಿದು ಮೇಲಕ್ಕೆ ಎಣಿಸುತ್ತ ಹೋಗಿ.

ಇನ್ನೂ ಹಿಂದೆ ಟಿಮೊಥಿ ಪಾಂಟ್ ಇದ್ದಾನೆ, 1583ರಿಂದ 1596ರ ಸುಮಾರಿನ ಕೈನಕ್ಷೆ. ನಿಮ್ಮ ಕೆಲಸಕ್ಕೆ ಅಷ್ಟು ಹಿಂದೆ ಹೋಗುವ ಅಗತ್ಯವಿಲ್ಲ. ಹೆಸರು ಹಳೆಯದೇ ಎಂದು ಖಚಿತಪಡಿಸಿಕೊಳ್ಳಲು ಮಾತ್ರ.

ಸ್ಥಳನಾಮ ಶಾಸ್ತ್ರಿ:

ನಕ್ಷೆ ಒಂದನ್ನೇ ನೋಡಿ ನಿಲ್ಲಿಸಬೇಡಿ. ಅದರ ಹಿಂದಿನ ಕಡತ ಇದಕ್ಕಿಂತ ರುಚಿ. ಆರ್ಡ್‌ನೆನ್ಸ್ ಸರ್ವೆಯ ನೇಮ್ ಬುಕ್‌ಗಳು, ನ್ಯಾಷನಲ್ ರೆಕಾರ್ಡ್ಸ್ ಆಫ್ ಸ್ಕಾಟ್ಲೆಂಡಿನಲ್ಲಿ ಓಎಸ್1 ಸರಣಿ. ಪುಟಗಳನ್ನು ಸ್ಕ್ಯಾನ್ ಮಾಡಿ, ಹೆಸರುಗಳನ್ನು ಟೈಪ್ ಮಾಡಿದ್ದಾರೆ. ಪರ್ತ್‌ಶೈರಿನವು 1859ರಿಂದ 1862ರವು.

ಪುಟದಲ್ಲಿ ಐದು ಅಂಕಣ. ನಕ್ಷೆಗೆ ಹಾಕಿದ ಹೆಸರು, ಬೇರೆ ಬೇರೆಯವರು ಬರೆಯುವ ರೂಪಗಳು, ಆಯಾ ರೂಪಕ್ಕೆ ಸಾಕ್ಷಿ ಯಾರು, ಜಾಗದ ಗುರುತು, ವಿವರಣೆ. ಎರಡನೆಯ ಅಂಕಣ ನಿಮಗೆ ಚಿನ್ನ. ನಕ್ಷೆಗೆ ಹೋಗದ ರೂಪಗಳೆಲ್ಲ ಅಲ್ಲಿ ಸಾಲಾಗಿ ಸಿಗುತ್ತವೆ, ಆ ಒಂದೊಂದು ರೂಪವನ್ನೂ ಚರ್ಚ್ ದಾಖಲೆಯಲ್ಲಿ ಹಾಕಿ ಹುಡುಕಬಹುದು. ಮೂರನೆಯ ಅಂಕಣದಲ್ಲಿ ಒಡೆಯ, ಅವನ ಮೇಲ್ವಿಚಾರಕ, ಪಾದ್ರಿ, ಮೇಷ್ಟ್ರು ಇವರ ಹೆಸರು. ಒಡೆಯನ ಮಾತಿಗೆ ತೂಕ ಹೆಚ್ಚಾದ್ದರಿಂದ ಜನ ಆಡುವ ರೂಪ ಬಿಟ್ಟು ಬಂಗಲೆಯವರ ರೂಪ ನಕ್ಷೆಗೆ ಹೋದದ್ದು ಬೇಕಾದಷ್ಟಿದೆ. ಐದನೆಯ ಅಂಕಣದಲ್ಲಿ "ಹಾಳುಬಿದ್ದ ಮನೆಗಳು, ಹಿಂದೆ ಇಷ್ಟು ಒಕ್ಕಲು ಇದ್ದವು" ಎಂಬಂಥ ಸಾಲು ಕೂಡ ಸಿಗಬಹುದು.

ಎಡಿನ್‌ಬರೋ ಕನ್ನಡತಿ:

ಈಗ ಮನುಷ್ಯನನ್ನು ಆ ಜಾಗಕ್ಕೆ ಕಟ್ಟುವ ಕೆಲಸ. ಸ್ಕಾಟ್‌ಲ್ಯಾಂಡ್ಸ್‌ಪೀಪಲ್ ಸರ್ಕಾರಿ ಜಾಲತಾಣ. ಸೂಚಿಯಲ್ಲಿ ಹುಡುಕಲು ಹಣವಿಲ್ಲ, ಮೂಲ ಪುಟದ ಚಿತ್ರ ತೆರೆಯಲು ಕ್ರೆಡಿಟ್ ಕೊಳ್ಳಬೇಕು. 1855ಕ್ಕೆ ಮುಂಚಿನದಕ್ಕೆ ಓಲ್ಡ್ ಪ್ಯಾರಿಷ್ ರಿಜಿಸ್ಟರ್ ವಿಭಾಗ.

1) ಪ್ಯಾರಿಷ್ ಆಯ್ಕೆಯಲ್ಲಿ ಹೆಸರಿನ ಮುಂದೆ ಸಂಖ್ಯೆ ಇರುತ್ತದೆ. ಒಂದೇ ಹೆಸರಿನ ಪ್ಯಾರಿಷ್‌ಗಳನ್ನು ಬೇರೆ ಮಾಡುವುದು ಆ ಸಂಖ್ಯೆ ಮತ್ತು ಕೌಂಟಿ. ಆತುರದಲ್ಲಿ ಬ್ಯಾಂಫ್‌ಶೈರಿನ ಕರ್ಕ್‌ಮೈಕಲ್ ಒತ್ತಿದರೆ ಕ್ರೆಡಿಟ್ ನೀರುಪಾಲು.

2) ಉಪನಾಮಕ್ಕೆ ವೈಲ್ಡ್‌ಕಾರ್ಡ್ ಬಳಸಿ. ನಕ್ಷತ್ರ ಚಿಹ್ನೆ ಎಷ್ಟು ಅಕ್ಷರಕ್ಕಾದರೂ, ಪ್ರಶ್ನಾರ್ಥಕ ಒಂದು ಅಕ್ಷರಕ್ಕೆ. ರಾಬರ್ಟ್‌ಸನ್, ರಾಬಿಸನ್, ರಾಬ್‌ಸನ್ ಒಟ್ಟಿಗೆ ಬರಲಿ.

3) ವಯಸ್ಸು 34 ಎಂಬುದನ್ನು ನಂಬಿ 1768ಕ್ಕೇ ಅಂಟಬೇಡಿ. 1763ರಿಂದ 1773ರವರೆಗೆ ತೆಗೆಯಿರಿ.

4) ಅಲ್ಲಿ ಸಿಗುವುದು ಸಾಮಾನ್ಯವಾಗಿ ಬ್ಯಾಪ್ಟಿಸಮ್ (ಚರ್ಚಿನಲ್ಲಿ ಮಗುವಿಗೆ ಕೊಡುವ ದೀಕ್ಷೆ) ನಮೂದು. ಊರಿನ ಹೆಸರು ಸೂಚಿಯಲ್ಲಿ ಬರುವುದಿಲ್ಲ, ಚಿತ್ರದಲ್ಲಿ ಮಾತ್ರ ಕಾಣುತ್ತದೆ. ಹಾಗಾಗಿ ಒಂದೇ ತಂದೆಯ ಹೆಸರಿನ ಎರಡು ಮೂರು ನಮೂದು ತೆರೆಯಲೇಬೇಕಾಗುತ್ತದೆ.

ಸ್ಟ್ರಾಥಾರ್ಡಲ್‌ನಲ್ಲಿ ರಾಬರ್ಟ್‌ಸನ್‌ಗಳು ದಂಡಿಯಾಗಿದ್ದರು. ಒಂದೇ ಜಮೀನಿನಲ್ಲಿ ಇಬ್ಬರು ಜಾನ್ ರಾಬರ್ಟ್‌ಸನ್ ಸಿಕ್ಕರೆ ಗಾಬರಿ ಬೇಡ. ತಾಯಿಯ ತವರಿನ ಹೆಸರು ನೋಡಿ. ಸ್ಕಾಟ್ಲೆಂಡಿನಲ್ಲಿ ಮದುವೆಯಾದ ಹೆಂಗಸು ದಾಖಲೆಗಳಲ್ಲಿ ತವರಿನ ಉಪನಾಮವನ್ನೇ ಉಳಿಸಿಕೊಳ್ಳುತ್ತಾಳೆ. ಜೊತೆಗೆ ಸಾಕ್ಷಿಗಳ ಊರು ನೋಡಿ.

ಅಣ್ಣತಮ್ಮಂದಿರನ್ನು ಹುಡುಕುವಾಗ 1783ರಿಂದ 1794ರ ನಡುವೆ ದಾಖಲೆ ತೆಳುವಾದರೆ ಕಾರಣ ತೆರಿಗೆ. ಒಂದು ನಮೂದಿಗೆ ಮೂರು ಪೆನಿ ಸುಂಕ ಹಾಕಿದ್ದರಿಂದ ಎಷ್ಟೋ ಜನ ಬರೆಸಲೇ ಇಲ್ಲ.

ದಂಡುಪ್ರದೇಶ:

ನಮೂದಿನಲ್ಲಿ "ಆಫ್" ಇದೆಯೋ "ಇನ್" ಇದೆಯೋ ಅದನ್ನೂ ನೋಡಿ ಮೇಡಂ ಹೇಳಿದ ಚಿತ್ರದಲ್ಲಿ.

ಎಡಿನ್‌ಬರೋ ಕನ್ನಡತಿ:

ಹೌದು, ಅದು ಮುಖ್ಯ. "ರಾಬರ್ಟ್‌ಸನ್ ಆಫ್ ಇಂಥದು" ಎಂದರೆ ಜಮೀನಿನ ಒಡೆಯ. "ರಾಬರ್ಟ್‌ಸನ್ ಇನ್ ಇಂಥದು" ಎಂದರೆ ಗೇಣಿದಾರ. ಇದನ್ನು ಗಮನಿಸದೆ ಗೇಣಿದಾರನಿಗೆ ಒಡೆಯನ ವಂಶಾವಳಿ, ಲಾಂಛನ ಎಲ್ಲ ಅಂಟಿಸಿಕೊಂಡ ಮರಗಳು ಇಂಟರ್ನೆಟ್ಟಿನ ತುಂಬ ಇವೆ. ಪೋರ್ಷನರ್ ಎಂದರೆ ಜಮೀನಿನ ಒಂದು ಭಾಗಕ್ಕೆ ಒಡೆಯ. ಕಾಟರ್ ಎಂದರೆ ಗೇಣಿದಾರನ ಕೆಳಗೆ ಗುಡಿಸಲು, ತುಂಡು ಭೂಮಿ ಹಿಡಿದು ದುಡಿಯುವವನು. ಇವನ ಹೆಸರು ಗುತ್ತಿಗೆ ಕಾಗದದಲ್ಲಿ ಸಿಗುವುದಿಲ್ಲ.

ಒಡೆಯನಾದರೆ ಸೇಸಿನ್ ರಿಜಿಸ್ಟರ್ (ಜಮೀನಿನ ಒಡೆತನ ಕೈಬದಲಾದ ದಾಖಲೆ) ನೋಡಬೇಕು, 1617ರಿಂದ ಇದೆ. ಗೇಣಿದಾರನಿಗೆ ಅದು ವ್ಯರ್ಥ. ಅವನಿಗೆ 1797-98ರ ಬೇಸಾಯದ ಕುದುರೆ ತೆರಿಗೆ ಪಟ್ಟಿ ಒಳ್ಳೆಯದು. ಪ್ಯಾರಿಷ್ ಪ್ರಕಾರ, ಜಮೀನಿನ ಹೆಸರಿನೊಂದಿಗೆ ಕುದುರೆ ಇಟ್ಟವರ ಹೆಸರಿರುತ್ತದೆ. ನಿಮ್ಮವನು ಆಗ ಇಂಡಿಯಾದಲ್ಲಿದ್ದಿರಬೇಕು, ಅಪ್ಪನೋ ಅಣ್ಣನೋ ಸಿಗಬಹುದು.

ಚರ್ಚಿನ ಕರ್ಕ್ ಸೆಷನ್ (ಪ್ಯಾರಿಷಿನ ಚರ್ಚ್ ಮಂಡಳಿ) ಪುಸ್ತಕಗಳನ್ನು ಮರೆಯಬೇಡಿ. ಸ್ಕಾಟ್‌ಲ್ಯಾಂಡ್ಸ್‌ಪೀಪಲ್‌ನಲ್ಲೇ ಚಿತ್ರಗಳನ್ನು ಉಚಿತವಾಗಿ ಓದಬಹುದು, ಆದರೆ ಹೆಸರಿನ ಸೂಚಿ ಇಲ್ಲ, ಪುಟ ಪುಟವೇ ತಿರುವಬೇಕು. ಒಂದು ಪ್ಯಾರಿಷ್ ಬಿಟ್ಟು ಇನ್ನೊಂದಕ್ಕೆ ಹೋಗುವವರಿಗೆ ಪಾದ್ರಿ ನಡತೆಯ ಪತ್ರ ಕೊಡುತ್ತಿದ್ದರು, ಅದರ ನಮೂದಿನಲ್ಲಿ ಹಳೆಯ ಊರು ಇರುತ್ತದೆ.

ಮಲೆನಾಡಿಗ:

ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಇಷ್ಟೆಲ್ಲ ಬೇಡವಲ್ಲವೇ?

ಹಳೆನಕ್ಷೆ:

ನೆಂಟರನ್ನು ತೋರಿಸುತ್ತದೆ, ಊರನ್ನಲ್ಲ. ಆ ನೆಂಟರ ಬಳಿ ಕಾಗದ ಇದ್ದರೆ ಲಾಭ.

ಹೆದರ್‌ಹೂವು:

ಕಾಗದದ ದಾರಿಯಲ್ಲೇ ಇನ್ನೊಂದು ಅಡ್ಡದಾರಿ ಇದೆ. ಊರಲ್ಲೇ ಉಳಿದ ತಮ್ಮ ಅಥವಾ ತಂಗಿ 1855ರಲ್ಲಿ ಅಥವಾ ಆಮೇಲೆ ಸತ್ತಿದ್ದರೆ ಮರಣಪತ್ರದಲ್ಲಿ ಅಪ್ಪ ಅಮ್ಮನ ಹೆಸರು ಇರುತ್ತದೆ. 1855ರ ಒಂದೇ ವರ್ಷದ್ದಾದರೆ ಹುಟ್ಟಿದೂರು, ಮಕ್ಕಳ ಹೆಸರೂ ಇರುತ್ತದೆ. ಇಷ್ಟೊಂದು ಬರೆಯುವುದು ಕಷ್ಟವೆಂದು ಮರುವರ್ಷವೇ ಕಡಿಮೆ ಮಾಡಿದರು. ನಿಮ್ಮವನ ತಲೆಮಾರಿಗೆ ಇದು ತಡ, ಆದರೆ ಕೊನೆಯ ತಮ್ಮ 1785ರ ಸುಮಾರಿನವನಾದರೆ ಪ್ರಯತ್ನಿಸಬಹುದು.

ಜನಗಣತಿಯಲ್ಲಿ 1841ರದು ಊರಿನ ಹೆಸರಿಗೆ ಸರಿ, ಹುಟ್ಟಿದೂರಿಗೆ ಅಲ್ಲ. ಅದರಲ್ಲಿ ಅದೇ ಕೌಂಟಿಯಲ್ಲಿ ಹುಟ್ಟಿದವನೇ, ಹೌದೋ ಅಲ್ಲವೋ, ಅಷ್ಟೇ. ದೊಡ್ಡವರ ವಯಸ್ಸನ್ನೂ ಐದರ ಲೆಕ್ಕಕ್ಕೆ ಕೆಳಕ್ಕೆ ಇಳಿಸಿ ಬರೆದಿದ್ದಾರೆ. ಪ್ಯಾರಿಷ್ ಬೇಕೆಂದರೆ 1851.

ಸ್ಥಳನಾಮ ಶಾಸ್ತ್ರಿ:

ಗಡಿಯ ವಿಷಯ ಯಾರೂ ಎತ್ತಲಿಲ್ಲ. ಸ್ಟ್ರಾಥಾರ್ಡಲ್ ಪೂರ್ತಿ ಕರ್ಕ್‌ಮೈಕಲ್ ಪ್ಯಾರಿಷ್ ಅಲ್ಲ. ಕಣಿವೆಯ ಮೇಲ್ಭಾಗದ ಕಿಂಡ್ರೋಗನ್ ಮೌಲಿನ್ ಪ್ಯಾರಿಷಿಗೆ ಸೇರಿತ್ತು, ಮೌಲಿನ್ ಚರ್ಚು ಇರುವುದು ಗುಡ್ಡದಾಚೆ ಪಿಟ್‌ಲಾಕ್ರಿ ಪಕ್ಕ. ಕೆಳಭಾಗದಲ್ಲಿ ಬೇರೆ ಪ್ಯಾರಿಷ್‌ಗಳ ಬಿಡಿ ತುಂಡುಗಳು ಹೊಕ್ಕಿದ್ದವು. ಕರ್ಕ್‌ಮೈಕಲ್ ರಿಜಿಸ್ಟರಿನಲ್ಲಿ ಸಿಗದಿದ್ದರೆ ದಾಖಲೆಯೇ ಇಲ್ಲ ಎಂದು ಕೈಬಿಡಬೇಡಿ, ಸುತ್ತಲ ಪ್ಯಾರಿಷ್ ನೋಡಿ. ಚಳಿಗಾಲದಲ್ಲಿ ಮಗು ಹುಟ್ಟಿದರೆ ಹೊಳೆ ದಾಟದೆ ಹೋಗಬಹುದಾದ ಪಾದ್ರಿಯ ಬಳಿಗೇ ಹೋಗುವುದು ಸಹಜ.

ಇಂಥ ಬಿಡಿ ತುಂಡುಗಳನ್ನು 1889ರ ಸ್ಥಳೀಯ ಸರ್ಕಾರ ಕಾಯ್ದೆಯ ನಂತರ, 1891ರ ಹೊತ್ತಿಗೆ ಗಡಿ ಆಯೋಗ ಒಟ್ಟುಮಾಡಿತು. ಅಂದರೆ 1881 ಮತ್ತು 1901ರ ಜನಗಣತಿಯಲ್ಲಿ ಒಂದೇ ಮನೆ ಬೇರೆ ಪ್ಯಾರಿಷ್, ಕೆಲವೊಮ್ಮೆ ಬೇರೆ ಕೌಂಟಿ. 1975ರಲ್ಲಿ ಕೌಂಟಿಗಳೇ ಹೋದವು. ಇಂದಿನ ನಕ್ಷೆಯ ಆಡಳಿತ ಗಡಿ ಹಿಡಿದು ಹುಡುಕಿದರೆ ಕೆಟ್ಟಿರಿ. ಹೆಸರುಗಳೂ ಬದಲಾಗಿವೆ: ಫೋರ್ಫರ್‌ಶೈರ್ ಈಗ ಆಂಗಸ್, ಎಲ್ಗಿನ್‌ಶೈರ್ ಮೋರೆ, ಹ್ಯಾಡಿಂಗ್ಟನ್‌ಶೈರ್ ಈಸ್ಟ್ ಲೋದಿಯನ್. ಶ್ರೀರಂಗಪಟ್ಟಣದ ಕೋಟೆಗೆ ಮೊದಲು ನುಗ್ಗಿದ ದಳಗಳ ಮುಖ್ಯಸ್ಥ ಡೇವಿಡ್ ಬೇರ್ಡ್‌ನ ಊರು ನ್ಯೂಬೈತ್ ಇರುವುದು ಈ ಕೊನೆಯದರಲ್ಲಿ. ಮೈಸೂರು ಸೀಮೆಯನ್ನು ಸರ್ವೆ ಮಾಡಿದ ಕಾಲಿನ್ ಮೆಕೆಂಜಿಯ ಊರು ಸ್ಟೋರ್ನೊವೇ ಲೂಯಿಸ್‌ನಲ್ಲಿದೆ. ಲೂಯಿಸ್, ಹ್ಯಾರಿಸ್ ಒಂದೇ ದ್ವೀಪದ ಎರಡು ಭಾಗ, ಆದರೆ 1975ರವರೆಗೆ ಲೂಯಿಸ್ ರಾಸ್ ಕಡೆಗೆ, ಹ್ಯಾರಿಸ್ ಇನ್ವರ್ನೆಸ್‌ಶೈರಿಗೆ.

ಊರಿನ ಹೆಸರನ್ನೇ ಬದಲಿಸಿದ್ದೂ ಉಂಟು. 1792ಕ್ಕೆ ಮುಂಚೆ ಕ್ಯಾಸಲ್ ಡಗ್ಲಸ್ ಎಂಬ ಊರಿಲ್ಲ, ಅದು ಕಾರ್ಲಿಂಗ್‌ವಾರ್ಕ್. 1445ಕ್ಕೆ ಮುಂಚಿನ ಹ್ಯಾಮಿಲ್ಟನ್ ಕ್ಯಾಡ್ಜೋ.

ಕಾಫಿತೋಟ:

ಇದಕ್ಕೆ ಹತ್ತಿರದ ಪ್ರಶ್ನೆ. ಕೊಡಗು, ಚಿಕ್ಕಮಗಳೂರಿನ ಹಳೆಯ ಬಂಗಲೆ, ಎಸ್ಟೇಟುಗಳ ಸ್ಕಾಟಿಷ್ ಹೆಸರಿನಿಂದ ಪ್ಲಾಂಟರ್‌ನ ಊರು ಹಿಡಿಯಬಹುದೇ?

ಹಳೆನಕ್ಷೆ:

ಬಾಲ್ಮೋರಲ್ ಅಂಥದ್ದಾದರೆ ಬೇಡವೇ ಬೇಡ. 1852ರಲ್ಲಿ ವಿಕ್ಟೋರಿಯಾ ಕುಟುಂಬ ಅದನ್ನು ಕೊಂಡ ಮೇಲೆ ಲೋಕವೆಲ್ಲ ಆ ಹೆಸರಿಟ್ಟಿತು. ಗ್ಲೆನ್ ಸೇರಿಸಿ ಹೊಸೆದ ಹೆಸರುಗಳೂ ಅಷ್ಟೇ. ನಕ್ಷೆಯಲ್ಲಿ ಒಂದೇ ಕಡೆ ಇರುವ, ಯಾರಿಗೂ ಗೊತ್ತಿಲ್ಲದ, ಉಚ್ಚರಿಸಲು ಕಷ್ಟವಾದ ಸಣ್ಣ ಜಮೀನಿನ ಹೆಸರು ಇದ್ದರೆ ಮಾತ್ರ ಬೆನ್ನುಹತ್ತಿ. ಅಂಥ ಹೆಸರನ್ನು ಫ್ಯಾಷನ್‌ಗೆ ಯಾರೂ ಇಡುವುದಿಲ್ಲ.

ಕಡತಪ್ರಿಯ:

ಆ ಕುಟುಂಬದವರು ಮುಂದಿನ ವರ್ಷ ಅಲ್ಲಿಗೆ ಹೋಗುವ ಯೋಚನೆಯಲ್ಲಿದ್ದಾರೆ. ನೋಡಲು ಏನಾದರೂ ಉಳಿದಿರುತ್ತದೆಯೇ?

ಎಡಿನ್‌ಬರೋ ಕನ್ನಡತಿ:

18ನೇ ಶತಮಾನದ ಉತ್ತರಾರ್ಧದಿಂದ ಒಡೆಯರು ಹಲವು ಒಕ್ಕಲುಗಳಿಗೆ ಹಂಚಿಹೋಗಿದ್ದ ಪಟ್ಟೆ ಹೊಲಗಳನ್ನು ಒಟ್ಟುಮಾಡಿ ಒಬ್ಬನಿಗೆ ಗೇಣಿ ಕೊಡತೊಡಗಿದರು. ಹಳೆಯ ಕೇರಿಗಳು ಖಾಲಿಯಾದವು, ಹೈಲ್ಯಾಂಡ್ಸ್‌ನಲ್ಲಿ ಕುರಿ ಬಂದವು. ಆದ್ದರಿಂದ ಈಗಿನ ಪಿಟ್‌ಕಾರ್ಮಿಕ್ ಎಂಬ ಮನೆ ಕಂಡು ಅದೇ ಹುಟ್ಟಿದ ಮನೆ ಎಂದುಕೊಳ್ಳಬಾರದು. ಹೋಗುವ ಮುಂಚೆ ಟ್ರೋವ್ ಜಾಲತಾಣದಲ್ಲಿ, ಹಿಂದೆ ಕ್ಯಾನ್‌ಮೋರ್ ಇದ್ದದ್ದು, ಆ ಪ್ಯಾರಿಷಿನ ಪುರಾತತ್ವ ಗುರುತುಗಳನ್ನೆಲ್ಲ ತೆಗೆದು ಗ್ರಿಡ್ ಸಂಖ್ಯೆ (ನಕ್ಷೆಯಲ್ಲಿ ಜಾಗ ತೋರಿಸುವ ಸಂಖ್ಯೆ) ಬರೆದುಕೊಳ್ಳಿ. ಎರಡಕ್ಷರ ಮತ್ತು ಆರು ಅಂಕಿ ಇದ್ದರೆ ನೂರು ಮೀಟರ್ ಚೌಕ, ಎಂಟು ಅಂಕಿ ಇದ್ದರೆ ಹತ್ತು ಮೀಟರ್. ಪಾಯದ ಕಲ್ಲು ಹುಡುಕಲು ಎಂಟೇ ಬೇಕು.

ಮಾರ್ಚ್ ಕೊನೆ ಅಥವಾ ಏಪ್ರಿಲ್‌ನಲ್ಲಿ ಹೋಗಲು ಹೇಳಿ. ಬೇಸಿಗೆಯಲ್ಲಿ ಬ್ರಾಕನ್ ಜರಿಗಿಡ ಎದೆಮಟ್ಟ ಬೆಳೆದು ಗೋಡೆಯ ಬುಡವೇ ಕಾಣುವುದಿಲ್ಲ, ಉಣ್ಣಿ ಹುಳುಗಳ ಕಾಟ ಬೇರೆ. ವಸಂತದ ಆರಂಭದಲ್ಲಿ ಅದು ಒಣಗಿ ಮಲಗಿರುತ್ತದೆ, ಸಂಜೆಯ ಓರೆ ಬಿಸಿಲಿನಲ್ಲಿ ಹಳೆಯ ಉಳುಮೆಯ ದಿಂಡುಗಳು ನೆರಳು ಬಿಟ್ಟು ಎದ್ದು ಕಾಣುತ್ತವೆ. 2003ರ ಭೂಸುಧಾರಣಾ ಕಾಯ್ದೆಯಂತೆ ಗುಡ್ಡದ ಮೇಲೆ ಜವಾಬ್ದಾರಿಯಿಂದ ನಡೆಯುವ ಹಕ್ಕಿದೆ, ಮನೆಯ ಅಂಗಳಕ್ಕೆ ಅಲ್ಲ. ಕುರಿ ಮರಿ ಹಾಕುವ ಕಾಲವಾದ್ದರಿಂದ ನಾಯಿ ಬೇಡ, ನೀವು ತೆರೆದ ಗೇಟನ್ನು ಮತ್ತೆ ಮುಚ್ಚಿ. ಆಗಸ್ಟ್ 12ರಿಂದ ಗ್ರೌಸ್ ಹಕ್ಕಿಯ ಬೇಟೆ ಶುರು, ಆಮೇಲೆ ಜಿಂಕೆ. ಆ ಸಮಯದಲ್ಲಿ ಎಸ್ಟೇಟಿನವರನ್ನು ಕೇಳಿಯೇ ಮೇಲೆ ಹತ್ತಿ. ರೈಲು ಪಿಟ್‌ಲಾಕ್ರಿವರೆಗೆ, ಅಲ್ಲಿಂದ ಎ924 ರಸ್ತೆ ಗುಡ್ಡ ದಾಟಿ ಕರ್ಕ್‌ಮೈಕಲ್‌ಗೆ ಇಳಿಯುತ್ತದೆ, ಸ್ವಂತ ಗಾಡಿ ಇದ್ದರೆ ಒಳ್ಳೆಯದು.

ಕಡತಪ್ರಿಯ:

ಸದ್ಯಕ್ಕೆ ವಂಶಾವಳಿಯಲ್ಲಿ ಹುಟ್ಟಿದೂರು ಏನು ಬರೆಯಲಿ? ಈಸ್ಟರೋ ವೆಸ್ಟರೋ?

ಸ್ಥಳನಾಮ ಶಾಸ್ತ್ರಿ:

ಎರಡೂ ಬೇಡ. ಸಮಾಧಿ ಕಲ್ಲಿನ ರೂಪ ಇದ್ದ ಹಾಗೇ ಒಂದು ಸಾಲು, ಬೈಬಲ್ಲಿನ ರೂಪ ಇನ್ನೊಂದು ಸಾಲು, ಯಾವುದು ಯಾರ ಕೈಬರಹ ಎಂಬ ಟಿಪ್ಪಣಿ ಸಮೇತ. ಅದರ ಕೆಳಗೆ "ಬಹುಶಃ ಪಿಟ್‌ಕಾರ್ಮಿಕ್, ಕರ್ಕ್‌ಮೈಕಲ್ ಪ್ಯಾರಿಷ್, ಪರ್ತ್‌ಶೈರ್" ಎಂದು ಹಳೆಯ ಕೌಂಟಿಯ ಹೆಸರಿನಲ್ಲೇ ಬರೆಯಿರಿ. ಡಬ್ಲ್ಯೂಓ 12ರಲ್ಲಿ ಪರ್ತ್ ಅಂತ ಸಿಕ್ಕ ದಿನ "ಬಹುಶಃ" ತೆಗೆಯಿರಿ. ಈಸ್ಟರ್, ವೆಸ್ಟರ್ ಬ್ಯಾಪ್ಟಿಸಮ್ ಚಿತ್ರ ತೆರೆದ ಮೇಲೆ.

ದಂಡುಪ್ರದೇಶ:

ಕ್ಯೂನಲ್ಲಿ ಆ ಕಟ್ಟು ತೆರೆಸುವಾಗ 1802 ಒಂದನ್ನೇ ಕೇಳಬೇಡಿ, 1801 ಮತ್ತು 1803 ಕೂಡ ತೆಗೆಸಿ. ಇಂಡಿಯಾದಿಂದ ಪಟ್ಟಿ ಹಡಗಿನಲ್ಲಿ ಹೋಗಬೇಕಿತ್ತು, ಮುಂದಿನ ವರ್ಷದ ಕಟ್ಟಿಗೆ ಸೇರಿರುವ ಸಾಧ್ಯತೆ ಇದೆ.